ಹಳೆ ಜಾವಾ, ಯೆಜ್ಡಿಯ ಸ್ವಿಂಗ್ ಆರ್ಮ್‌ಗೆ ಗ್ರೀಸ್ ಹಾಕುವುದು: ನಿಪ್ಪಲ್‌ಗೆ ಹೊಡೆದರಷ್ಟೇ ಸಾಲದು

"ಗ್ರೀಸ್ ಹೊಡೆಸಿ ವಾರ ಆಗಿಲ್ಲ, ಗಾಡಿ ಹಿಂದುಗಡೆ ಮತ್ತೆ ಓಲಾಡ್ತಿದೆ, ಯಾಕೆ?" ಹಳೆ ಬೈಕ್ ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆ ಇದು. ಉತ್ತರ ಚಿಕ್ಕದು. ಒಂದೋ ಗ್ರೀಸ್ ಒಳಗೆ ಹೋಗೇ ಇಲ್ಲ, ಇಲ್ಲವೇ ಅದು ಹೋಗುವಷ್ಟರಲ್ಲಿ ಬುಶ್ ಸವೆದುಹೋಗಿದೆ. ಸವೆದ ಬುಶ್ಶನ್ನು ಯಾವ ಗ್ರೀಸೂ ಸರಿಮಾಡುವುದಿಲ್ಲ.

ಹಿಂದಿನ ಚಕ್ರವನ್ನು ಎರಡೂ ಕಡೆ ಹಿಡಿದುಕೊಂಡು ಮೇಲೆ ಕೆಳಗೆ ಆಡುವ ಕವಲಿನಂಥ ಭಾಗವೇ ಸ್ವಿಂಗ್ ಆರ್ಮ್. ಕೆಲವು ಗ್ಯಾರೇಜುಗಳಲ್ಲಿ ಹಿಂದಿನ ಫೋರ್ಕ್ ಅಂತಲೂ ಕರೆಯುತ್ತಾರೆ. ಅದರ ಮುಂದಿನ ತುದಿ ಇಂಜಿನ್ ಹಿಂದೆ ಒಂದು ದಪ್ಪ ಪಿನ್ನಿನ ಮೇಲೆ ಕೂತಿರುತ್ತದೆ. ಪಿನ್ನಿಗೂ ಆರ್ಮ್‌ಗೂ ನಡುವೆ ಇರುವ ಕೊಳವೆಯಂಥ ಲೋಹದ ತುಂಡೇ ಬುಶ್. ಸವೆಯುವುದು, ತುಕ್ಕು ಹಿಡಿಯುವುದು, ಕಚ್ಚಿಕೊಳ್ಳುವುದು ಎಲ್ಲ ಇಲ್ಲೇ. ಇಲ್ಲಿಗೆ ಗ್ರೀಸ್ ತುಂಬಲು ಹೊರಗಡೆ ಇರುವ ಸಣ್ಣ ಲೋಹದ ಬಾಯೇ ನಿಪ್ಪಲ್.

ನಮ್ಮಲ್ಲಿ ಈ ಪ್ರಶ್ನೆ ಜಾಸ್ತಿ ಬರುವುದು ಜಾವಾ, ಯೆಜ್ಡಿಯವರಿಂದ. ಅದಕ್ಕೆ ಕಾರಣವೂ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಗಾಡಿ ಹೊರಬರಲು ಶುರುವಾಗಿದ್ದು 1961ರಲ್ಲಿ, ಕಾರ್ಖಾನೆಗೆ ಬೀಗ ಬಿದ್ದಿದ್ದು 1996ರಲ್ಲಿ. ಅಂದರೆ ಅಲ್ಲಿಂದ ಬಂದ ಕೊನೆಯ ಯೆಜ್ಡಿಗೂ ಈಗ ಮೂವತ್ತು ವರ್ಷದ ಹತ್ತಿರ. ಇಷ್ಟು ವರ್ಷದಲ್ಲಿ ಇಂಜಿನ್ ಎಷ್ಟೋ ಸಲ ಬಿಚ್ಚಿರುತ್ತಾರೆ, ಬಣ್ಣ ಹೊಡೆಸಿರುತ್ತಾರೆ, ಸೈಲೆನ್ಸರ್‌ಗೆ ಕ್ರೋಮ್ ಮಾಡಿಸಿರುತ್ತಾರೆ, ಆದರೆ ಸ್ವಿಂಗ್ ಆರ್ಮ್ ಪಿನ್ ಮಾತ್ರ ಕಾರ್ಖಾನೆಯಲ್ಲಿ ಹಾಕಿದ್ದು ಹಾಗೇ ಇರುತ್ತದೆ. ಕೆಳಗೆ ಬರೆದಿರುವುದು ಹಳೆ ಬುಲೆಟ್, ಯಮಹಾದ ಆರ್‌ಡಿ 350ಗೂ ಬಹುಮಟ್ಟಿಗೆ ಹೊಂದುತ್ತದೆ. 2018ರ ನಂತರ ಬಂದ ಹೊಸ ಜಾವಾ, 2022ರಲ್ಲಿ ಬಂದ ಹೊಸ ಯೆಜ್ಡಿಗಳ ಮಾತು ಇಲ್ಲಿಲ್ಲ.

1. ತೊಂದರೆ ಸ್ವಿಂಗ್ ಆರ್ಮ್‌ದೇನಾ ಅಂತ ಮೊದಲು ನೋಡಿ

ಗಾಡಿಯನ್ನು ಮೇನ್ ಸ್ಟ್ಯಾಂಡ್ ಹಾಕಿ. ಹಿಂದಿನ ಚಕ್ರ ನೆಲ ಬಿಟ್ಟಿರಬೇಕು. ಈಗ ಒಂದು ಕೈಯಲ್ಲಿ ಫ್ರೇಮ್ ಹಿಡಿದು ಇನ್ನೊಂದು ಕೈಯಲ್ಲಿ ಆರ್ಮ್‌ನ ಹಿಂದಿನ ತುದಿಯನ್ನು ಎಡಕ್ಕೆ ಬಲಕ್ಕೆ ಜೋರಾಗಿ ಎಳೆಯಿರಿ. ಟೈರ್ ಹಿಡಿದು ಎಳೆಯಬೇಡಿ. ಟೈರ್ ಅಲ್ಲಾಡಿದರೆ ಅದು ವೀಲ್ ಬೇರಿಂಗ್‌ದೂ ಇರಬಹುದು, ಸಡಿಲವಾದ ಕಡ್ಡಿಗಳದ್ದೂ ಇರಬಹುದು. ಆರ್ಮೇ ಅಲ್ಲಾಡಿ, ಪಿನ್ ಇರುವ ಜಾಗದಲ್ಲಿ ಸಣ್ಣಗೆ "ಟಕ್" ಅಂದರೆ ಬುಶ್ ಸವೆದಿದೆ ಅಂತ ಅರ್ಥ. ಇನ್ನೊಬ್ಬರು ಎಳೆಯುವಾಗ ನೀವು ಪಿನ್ನಿನ ಪಕ್ಕ, ಆರ್ಮ್ ಮತ್ತು ಫ್ರೇಮ್ ಸೇರುವ ಗೆರೆಯ ಮೇಲೆ ಬೆರಳಿಟ್ಟು ನೋಡಿ. ಕಣ್ಣಿಗೆ ಕಾಣದ ಆಟವೂ ಬೆರಳಿಗೆ ಗೊತ್ತಾಗುತ್ತದೆ.

ಓಡಿಸುವಾಗಲೂ ಗುರುತುಗಳಿವೆ. ತಿರುವಿನಲ್ಲಿ ಹಿಂಭಾಗ ತನ್ನ ಪಾಡಿಗೆ ತಾನು ಬೇರೆ ಕಡೆ ಹೊರಡುತ್ತದೆ. ಗೇರ್ ಬದಲಿಸಿ ಕ್ಲಚ್ ಬಿಟ್ಟಾಗ ಹಿಂದೆ ಒಂದು ಸಣ್ಣ ಕುಲುಕು ಬರುತ್ತದೆ. ಇದರ ಉಲ್ಟಾ ತೊಂದರೆಯೂ ಉಂಟು, ಅದನ್ನು ಜನ ಗಮನಿಸುವುದೇ ಇಲ್ಲ: ಪಿನ್ ತುಕ್ಕು ಹಿಡಿದು ಆರ್ಮ್ ಬಿಗಿಯಾಗಿಬಿಟ್ಟಿರುತ್ತದೆ. ಒಂಚೂರೂ ಅಲ್ಲಾಡುವುದಿಲ್ಲ, ನೋಡಿದವರು "ಸೂಪರ್ ಕಂಡೀಷನ್" ಅಂತಾರೆ. ಆದರೆ ಹಿಂದಿನ ಶಾಕ್ ಅಬ್ಸಾರ್ಬರ್ ಎಷ್ಟು ಹೊಸದು ಹಾಕಿದರೂ ಗಾಡಿ ಕಲ್ಲಿನ ಮೇಲೆ ಹೋದ ಹಾಗೆ ಕುಟ್ಟುತ್ತದೆ. ಇದನ್ನು ಪತ್ತೆ ಮಾಡಲು ಎರಡೂ ಶಾಕ್‌ಗಳ ಕೆಳಗಿನ ಬೋಲ್ಟ್ ಬಿಚ್ಚಿ, ಚಕ್ರ ಕೈಯಲ್ಲಿ ಎತ್ತಿ ನಿಧಾನಕ್ಕೆ ಬಿಡಿ. ಸರಿಯಾದ ಆರ್ಮ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ನಡುದಾರಿಯಲ್ಲಿ ನಿಂತರೆ ಒಳಗೆ ಕಚ್ಚಿಕೊಂಡಿದೆ.

2. ನಿಮ್ಮ ಗಾಡಿಯಲ್ಲಿರುವ ಬುಶ್ ಯಾವುದು?

ಇದನ್ನು ತಿಳಿಯದೆ ಗ್ರೀಸ್ ಗನ್ ಮುಟ್ಟಬೇಡಿ. ಹಳೆ ಗಾಡಿಗಳಲ್ಲಿ ನಾಲ್ಕು ಥರ ಸಿಗುತ್ತವೆ.

ಲೋಹದ ಬುಶ್. ಸ್ಟೀಲ್, ಗನ್‌ಮೆಟಲ್ ಅಥವಾ ಫಾಸ್ಫರ್ ಬ್ರಾಂಜ್. ಇದಕ್ಕೆ ಗ್ರೀಸ್ ಬೇಕೇ ಬೇಕು. ಈ ಲೇಖನದ ಬಹುಪಾಲು ಇದರ ಬಗ್ಗೆಯೇ.

ಎಣ್ಣೆ ಹೀರಿಕೊಂಡ ಬ್ರಾಂಜ್ ಬುಶ್. ಪುಡಿಯನ್ನು ಒತ್ತಿ ಮಾಡಿದ್ದು, ಒಳಗೆಲ್ಲ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ಎಣ್ಣೆ ಅದರಲ್ಲೇ ನಿಂತಿರುತ್ತದೆ. ಇದಕ್ಕೆ ಎಣ್ಣೆಯೇ ಸರಿ, ಗ್ರೀಸ್ ತುಂಬಿದರೆ ಆ ತೂತುಗಳು ಮುಚ್ಚಿಕೊಳ್ಳುತ್ತವೆ. ಬ್ರಿಟನ್ನಿನ ನಾರ್ಟನ್ ಕಮಾಂಡೋ ಇದಕ್ಕೆ ಉದಾಹರಣೆ, ಅದರ ಸ್ವಿಂಗ್ ಆರ್ಮ್‌ಗೆ ಹಾಕುವುದು ದಪ್ಪನೆಯ 140 ಗೇರ್ ಆಯಿಲ್. ನಿಪ್ಪಲ್ ಕಂಡಿತು ಅಂತ ಅದಕ್ಕೂ ಗ್ರೀಸ್ ಹೊಡೆದವರು ಬೇಕಾದಷ್ಟು ಜನ ಇದ್ದಾರೆ.

ರಬ್ಬರ್ ಬುಶ್. ಒಳಗೊಂದು ಹೊರಗೊಂದು ಸ್ಟೀಲ್ ಕೊಳವೆ, ನಡುವೆ ಅಂಟಿಸಿದ ರಬ್ಬರ್. ಇಲ್ಲಿ ಏನೂ ಜಾರುವುದಿಲ್ಲ, ರಬ್ಬರೇ ತಿರುಚಿಕೊಂಡು ಆರ್ಮ್ ಆಡುತ್ತದೆ. ಗ್ರೀಸ್ ಬೇಡ. ಸಾಮಾನ್ಯ ಗ್ರೀಸ್ ತಾಗಿದರೆ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಬೋಲ್ಟ್‌ಗೆ ಮಾತ್ರ ತುಕ್ಕು ಹಿಡಿಯದ ಹಾಗೆ ತೆಳ್ಳಗೆ ಸವರಿದರೆ ಸಾಕು.

ಪ್ಲಾಸ್ಟಿಕ್‌ನಂಥ ಗಟ್ಟಿ ಬುಶ್. ಆರ್‌ಡಿ 350ಯಲ್ಲಿ ಬಂದಿದ್ದು ಇದೇ. ಬೇಗ ಸವೆಯುತ್ತದೆ, ಅದಕ್ಕೇ ಆರ್‌ಡಿಯವರು ತೆಗೆದು ಬ್ರಾಂಜ್ ಹಾಕಿಸಿಕೊಳ್ಳುತ್ತಾರೆ. ಒಳ್ಳೆ ಕೆಲಸವೇ, ಲೇತ್‌ನವರು ಅಳತೆ ತಪ್ಪದಿದ್ದರೆ.

ನಿಮ್ಮದು 1940ರ ದಶಕದ ಜಾವಾ ಪೆರಾಕ್ ಆಗಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ಅದಕ್ಕೆ ಸ್ವಿಂಗ್ ಆರ್ಮೇ ಇಲ್ಲ, ಹಿಂದೆ ಪ್ಲಂಜರ್, ಅಂದರೆ ಚಕ್ರದ ಅಚ್ಚು ನೆಟ್ಟಗೆ ಮೇಲೆ ಕೆಳಗೆ ಜಾರುವ ಏರ್ಪಾಡು.

3. ಬೇಕಾಗುವ ಸಾಮಾನು

ರಿಂಗ್ ಸ್ಪ್ಯಾನರ್ ಸೆಟ್, ಕೈ ಗ್ರೀಸ್ ಗನ್, ಪಿನ್ನಿಗಿಂತ ಚೂರು ಸಣ್ಣಗಿರುವ ಹಿತ್ತಾಳೆ ಅಥವಾ ಅಲ್ಯುಮಿನಿಯಂ ರಾಡ್, ಭಾರದ ಸುತ್ತಿಗೆ, ತುಕ್ಕು ಬಿಡಿಸುವ ಎಣ್ಣೆ, ತೊಳೆಯಲು ಸೀಮೆಎಣ್ಣೆ ಇಲ್ಲವೇ ಡೀಸೆಲ್, 400 ಮತ್ತು 600 ನಂಬರಿನ ಎಮರಿ ಪೇಪರ್, ಸವೆತ ಅಳೆಯಲು ವರ್ನಿಯರ್, ಒಂದು ಹಳೆ ಸೈಕಲ್ ಕಡ್ಡಿ, ಚಿಂದಿ ಬಟ್ಟೆ.

ಗ್ರೀಸ್ ವಿಷಯ ಸ್ವಲ್ಪ ಹೇಳಬೇಕು. ಅಂಗಡಿಯಲ್ಲಿ ಗ್ರೀಸ್ ಅಂದರೆ ಎಪಿ-3 ಡಬ್ಬ ಕೊಡುತ್ತಾರೆ. ವೀಲ್ ಬೇರಿಂಗ್‌ಗೆ ಅದು ಚೆನ್ನ. ಕೊನೆಯ ಆ ಅಂಕಿ ಎಷ್ಟು ಗಟ್ಟಿ ಅನ್ನುವುದನ್ನು ಹೇಳುತ್ತದೆ, 3 ಅಂದರೆ ಗಟ್ಟಿ. ನಿಪ್ಪಲ್‌ನ ಸಣ್ಣ ದಾರಿಯಲ್ಲಿ ನುಗ್ಗಿ ಆ ಕಡೆಯ ಬುಶ್‌ವರೆಗೂ ಹೋಗಬೇಕಾದರೆ 2 ಮೇಲು. ಲಿಥಿಯಂ ಇಪಿ-2 ಅಂತ ಕೇಳಿ. ಇಪಿ ಅಂದರೆ ಭಾರದ ಒತ್ತಡ ತಡೆಯುವಂಥದ್ದು. ಮಾಲಿಬ್ಡಿನಂ ಬೆರೆತ ಕಪ್ಪು ಗ್ರೀಸ್ ಆದರೂ ಆಗುತ್ತದೆ. ಕಾಪರ್ ಗ್ರೀಸ್ ಮಾತ್ರ ಬೇಡ. ಅದು ಬೋಲ್ಟ್ ಕಚ್ಚಿಕೊಳ್ಳದಿರಲಿ ಅಂತ ಹಾಕುವುದು, ಬುಶ್‌ಗಲ್ಲ. ಜಾತಿ ಬೇರೆ ಇರುವ ಗ್ರೀಸ್‌ಗಳನ್ನು ಬೆರೆಸಲೂ ಬೇಡಿ, ಕೆಲವು ಬೆರೆತರೆ ನೀರಾಗಿ ಹರಿದುಹೋಗುತ್ತವೆ.

4. ಬಿಚ್ಚದೆ ಗ್ರೀಸ್ ಹೊಡೆಯುವುದು

ಆರ್ಮ್‌ನಲ್ಲಿ ಆಟ ಇಲ್ಲ, ಬಿಗಿಯೂ ಇಲ್ಲ ಅಂದರೆ ಇಷ್ಟೇ ಸಾಕು.

ನಿಪ್ಪಲ್ ಎಲ್ಲಿದೆ ಹುಡುಕಿ. ಕೆಲವು ಗಾಡಿಗಳಲ್ಲಿ ಪಿನ್ನಿನ ತುದಿಯಲ್ಲಿ, ಕೆಲವದರಲ್ಲಿ ಆರ್ಮ್‌ನ ನಡುವಿನ ಕೊಳವೆಯ ಮೇಲೆ ಅಥವಾ ಕೆಳಗೆ ಇರುತ್ತದೆ. ಕೆಸರು, ಎಣ್ಣೆ ಮೆತ್ತಿಕೊಂಡು ಕಾಣದಂತಾಗಿರುತ್ತದೆ, ಎಷ್ಟೋ ಸಲ ಬಣ್ಣದಡಿಯಲ್ಲಿ ಹೂತಿರುತ್ತದೆ. ಪೇಂಟರ್ ಕೃಪೆ. ಚೆನ್ನಾಗಿ ಒರೆಸಿ. ಒರೆಸದೆ ಗನ್ ಹಚ್ಚಿದರೆ ಮೊದಲು ಒಳಗೆ ಹೋಗುವುದೇ ಆ ಮರಳು. ನಿಪ್ಪಲ್ ಬಾಯಲ್ಲಿರುವ ಸಣ್ಣ ಗುಂಡನ್ನು ಕಡ್ಡಿಯಿಂದ ಒತ್ತಿ ನೋಡಿ. ಒಳಗೆ ಹೋಗಿ ತಾನೇ ವಾಪಸ್ ಬರಬೇಕು. ಬಾರದಿದ್ದರೆ ನಿಪ್ಪಲ್ ಬದಲಿಸಿ, ಹತ್ತಿಪ್ಪತ್ತು ರೂಪಾಯಿಯ ಸಾಮಾನಿಗೆ ಜಿಪುಣತನ ಬೇಡ. ಹಳೆಯದನ್ನು ಬಿಚ್ಚಿಕೊಂಡೇ ಅಂಗಡಿಗೆ ಹೋಗಿ, ಥ್ರೆಡ್ ಬೇರೆ ಬೇರೆ ಇರುತ್ತವೆ.

ಚಕ್ರ ನೆಲ ಬಿಟ್ಟಿರಲಿ. ಭಾರ ಬಿದ್ದಿದ್ದರೆ ಬುಶ್ ಒಂದು ಕಡೆ ಪಿನ್ನಿಗೆ ಒತ್ತಿಕೊಂಡಿರುತ್ತದೆ, ಆ ಕಡೆಗೆ ಗ್ರೀಸ್ ಸೇರುವುದಿಲ್ಲ. ನಿಧಾನಕ್ಕೆ ಪಂಪ್ ಮಾಡಿ, ಎರಡು ಪಂಪ್‌ಗೊಮ್ಮೆ ಚಕ್ರವನ್ನು ಮೇಲೆ ಕೆಳಗೆ ಆಡಿಸಿ. ಈಗ ಆರ್ಮ್‌ನ ಎರಡೂ ಬದಿ, ಅಂದರೆ ಅದು ಫ್ರೇಮ್‌ಗೆ ತಾಗುವ ಜಾಗಗಳನ್ನು ನೋಡಿ. ಮೊದಲು ಕರ್ರಗಿನ ಹಳೆ ಗ್ರೀಸ್ ಬರುತ್ತದೆ, ಕೆಲವೊಮ್ಮೆ ಕೆಂಪು ತುಕ್ಕಿನ ನೀರೂ ಬರುತ್ತದೆ. ಹೊಸ ಗ್ರೀಸ್‌ನ ಬಣ್ಣ ಕಾಣುವ ತನಕ ಹೊಡೆಯಿರಿ.

ಇಲ್ಲೇ ಎಲ್ಲರೂ ಎಡವುವುದು. ನಿಪ್ಪಲ್ ಸುತ್ತ ಗ್ರೀಸ್ ಉಕ್ಕಿದರೆ ತುಂಬಿತು ಅಂದುಕೊಳ್ಳುತ್ತಾರೆ. ಅದು ಒಳಗೆ ಹೋಗಲು ಜಾಗ ಇಲ್ಲದೆ ವಾಪಸ್ ಬಂದಿದ್ದು ಅಷ್ಟೇ. ಇನ್ನು ಕೆಲವು ಗಾಡಿಗಳಲ್ಲಿ ಒಂದು ಬದಿಯಲ್ಲಿ ಮಾತ್ರ ಬರುತ್ತದೆ. ಆಗ ಆ ಬದಿಯ ಬುಶ್ ಸಡಿಲ ಇದೆ, ಗ್ರೀಸ್ ಸುಲಭದ ದಾರಿ ಹಿಡಿದಿದೆ, ಇನ್ನೊಂದು ಬದಿ ಒಣಗಿಕೊಂಡೇ ಇದೆ ಅಂತ. ಯಾವುದಾದರೂ ಒಂದು ಬದಿಯಲ್ಲಿ ಬರದಿದ್ದರೂ ಗನ್ ಕೆಳಗಿಟ್ಟು ಮುಂದಿನ ಹಂತಕ್ಕೆ ಬನ್ನಿ. ಸುಮ್ನೆ ಬಲವಂತ ಮಾಡಬೇಡಿ.

5. ಬಿಚ್ಚುವುದು

ಮೊದಲು ಫೋನಿನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ವಾಷರ್‌ಗಳ ಸಾಲು ಆಮೇಲೆ ನೆನಪಿರುವುದಿಲ್ಲ.

ಗಾಡಿ ಮೇನ್ ಸ್ಟ್ಯಾಂಡ್‌ನಲ್ಲಿರಲಿ, ಮುಂದಿನ ಚಕ್ರಕ್ಕೆ ಕಲ್ಲು ಕೊಡಿ. ಹಿಂದಿನ ಚಕ್ರ, ಬ್ರೇಕ್ ರಾಡ್, ಬ್ರೇಕ್ ಪ್ಲೇಟನ್ನು ಆರ್ಮ್‌ಗೆ ಕಟ್ಟಿರುವ ಪಟ್ಟಿ, ಎರಡೂ ಶಾಕ್ ಬಿಚ್ಚಿ. ಜಾವಾದಲ್ಲಿ ಅಚ್ಚು ಎಳೆದರೆ ಚಕ್ರ ಮಾತ್ರ ಹೊರಗೆ ಬರುತ್ತದೆ, ಸ್ಪ್ರಾಕೆಟ್, ಅಂದರೆ ಚೈನಿನ ಹಲ್ಲುಚಕ್ರ, ಚೈನಿನ ಸಮೇತ ಆರ್ಮ್‌ನಲ್ಲೇ ಉಳಿಯುತ್ತದೆ. ಪಂಕ್ಚರ್ ಹಾಕಿಸುವಾಗ ಇದು ವರ. ನಮಗೆ ಈಗ ಅದೂ ಬಿಚ್ಚಬೇಕು, ಚೈನ್ ಕೇಸ್ ಮತ್ತು ಅದರ ಮುಂದಿನ ರಬ್ಬರ್ ಕೊಳವೆಗಳನ್ನೂ ಬಿಡಿಸಬೇಕು. ಆ ರಬ್ಬರ್ ವರ್ಷಗಳಿಂದ ಒಣಗಿರುತ್ತದೆ, ಎಳೆದರೆ ಹರಿಯುತ್ತದೆ. ಬಿಸಿನೀರಿನ ಬಟ್ಟೆ ಸುತ್ತಿ ಮೆತ್ತಗೆ ಮಾಡಿಕೊಂಡು ಜಾರಿಸಿ.

ಇನ್ನು ಪಿನ್. ಸುತ್ತಿಗೆ ಎತ್ತುವ ಮೊದಲು ಅದನ್ನು ಯಾವುದು ಹಿಡಿದುಕೊಂಡಿದೆ ನೋಡಿ. ಕೆಲವದರಲ್ಲಿ ತುದಿಗೆ ನಟ್ ಇರುತ್ತದೆ, ಕೆಲವದರಲ್ಲಿ ಅಡ್ಡ ಬೋಲ್ಟ್ ಅಥವಾ ಕಾಟರ್ ಇರುತ್ತದೆ. ಕಾಟರ್ ಅಂದರೆ ಅಡ್ಡಕ್ಕೆ ಹೊಡೆದು ಕೂರಿಸಿದ ಬೆಣೆ. ಅದನ್ನು ಬಿಡಿಸದೆ ಪಿನ್ನಿಗೆ ಹೊಡೆದು ಫ್ರೇಮನ್ನೇ ಸೀಳಿದ ಗಾಡಿಗಳಿವೆ. ನಿಪ್ಪಲ್ಲನ್ನೂ ಮೊದಲೇ ಬಿಚ್ಚಿಡಿ, ಇಲ್ಲದಿದ್ದರೆ ಒಳಗೇ ಮುರಿಯುತ್ತದೆ.

ನಟ್ ಇರುವ ಪಿನ್ ಆದರೆ ನಟ್ಟನ್ನು ಪೂರ್ತಿ ತೆಗೆಯದೆ ತುದಿಗೆ ಸಮವಾಗಿ ಬಿಟ್ಟು ಮೊದಲ ಏಟು ಕೊಡಿ. ಥ್ರೆಡ್ ಉಳಿಯುತ್ತದೆ. ಪಿನ್ ಜರುಗಿದ ಮೇಲೆ ನಟ್ ತೆಗೆದು ಹಿತ್ತಾಳೆ ರಾಡ್ ಇಟ್ಟು ಹೊಡೆಯಿರಿ. ಕಬ್ಬಿಣದ ಸುತ್ತಿಗೆ ನೇರವಾಗಿ ಬಿದ್ದರೆ ಪಿನ್ನಿನ ತಲೆ ಅಗಲವಾಗುತ್ತದೆ. ಆಮೇಲೆ ಅದು ಯಾವ ತೂತಿನಿಂದಲೂ ಹೊರಬರುವುದಿಲ್ಲ.

6. ಪಿನ್ ಬರಲ್ಲ ಅಂದರೆ

ಹಳೆ ಜಾವಾಗಳಲ್ಲಿ ಇದು ತೀರಾ ಮಾಮೂಲಿ. ಮಲೆನಾಡಲ್ಲಿ, ಕರಾವಳಿಯಲ್ಲಿ ಇದ್ದ ಗಾಡಿಗಳಲ್ಲಂತೂ ಪಿನ್ನೂ ಬುಶ್ಶೂ ಒಂದೇ ಲೋಹ ಆಗಿಬಿಟ್ಟಿರುತ್ತವೆ.

ಅವಸರ ಬೇಡ. ತುಕ್ಕು ಬಿಡಿಸುವ ಎಣ್ಣೆಯನ್ನು ಎರಡೂ ಬದಿಗೆ, ನಿಪ್ಪಲ್ ತೂತಿಗೆ ಬಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಆರ್ಮನ್ನೇ ಹಿಡಿಯಾಗಿ ಬಳಸಿಕೊಂಡು ಮೇಲೆ ಕೆಳಗೆ ಆಡಿಸಿ, ಮತ್ತೆ ಎಣ್ಣೆ ಬಿಡಿ. ಎರಡು ಮೂರು ದಿನ ಹೀಗೇ ಮಾಡಿ. ಆರ್ಮ್ ಆಡಲು ಶುರುವಾದರೆ ಅರ್ಧ ಗೆದ್ದ ಹಾಗೆ.

ಆಗಲೂ ಬಾರದಿದ್ದರೆ ಬಿಸಿ ಮಾಡಬೇಕು. ಬಿಸಿ ತಾಗಬೇಕಾದ್ದು ಹೊರಗಿನ ಕೊಳವೆಗೆ, ಪಿನ್ನಿಗಲ್ಲ. ಹೊರಗಿನದು ಹಿಗ್ಗಿದರೆ ತಾನೇ ಒಳಗಿನದು ಸಡಿಲ ಆಗುವುದು? ಆದರೆ ನೆನಪಿಡಿ: ಪೆಟ್ರೋಲ್ ಟ್ಯಾಂಕ್ ಮತ್ತು ಬ್ಯಾಟರಿಯನ್ನು ಗಾಡಿಯಿಂದ ಇಳಿಸಿ ದೂರ ಇಟ್ಟಿರಬೇಕು, ಕಾರ್ಬುರೇಟರ್ ಖಾಲಿ ಮಾಡಿರಬೇಕು, ಸುರಿದಿರುವ ಎಣ್ಣೆಯನ್ನೆಲ್ಲ ಒರೆಸಿರಬೇಕು, ಪಕ್ಕದಲ್ಲಿ ಬಕೆಟ್ ತುಂಬ ಮರಳಿರಬೇಕು. ಆ ಜಾಗದ ಬಣ್ಣ ಹೋಗುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಅದಕ್ಕೂ ಬಗ್ಗದಿದ್ದರೆ ಹೈಡ್ರಾಲಿಕ್ ಪ್ರೆಸ್ ಇರುವ ಲೇತ್ ಅಂಗಡಿಗೆ ಗಾಡಿಯನ್ನು ಕೊಂಡೊಯ್ಯಿರಿ. ಮನೆಯಲ್ಲಿ ಎಂಟು ಕೆಜಿ ಸುತ್ತಿಗೆಯಿಂದ ಸೆಣಸಾಡಬೇಡಿ. ಪಿನ್ ಹೊಸದು ಸಿಗುತ್ತದೆ, ಲೇತ್‌ನಲ್ಲಿ ಮಾಡಿಸಲೂಬಹುದು. ಬಾಗಿದ ಫ್ರೇಮ್‌ನ ಕಥೆ ಬೇರೆ.

7. ತೊಳೆದು ನೋಡಿ

ಪಿನ್ ಕೈಗೆ ಬಂತು ಅನ್ನಿ. ಒಳಗಿನ ಗ್ರೀಸ್ ದಾರಿಯಲ್ಲಿ ಹಳೆಯದು ಹಳೇ ಬೆಲ್ಲದ ಹಾಗೆ ಗಟ್ಟಿ ಕಟ್ಟಿರುತ್ತದೆ. ಮೇಲಿಂದ ಎಷ್ಟು ಹೊಡೆದರೂ ಗ್ರೀಸ್ ಯಾಕೆ ಇಳಿಯಲಿಲ್ಲ ಅನ್ನುವುದು ಇಲ್ಲಿ ಕಣ್ಣಾರೆ ಕಾಣುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿ ಸೈಕಲ್ ಕಡ್ಡಿಯಿಂದ ಚುಚ್ಚಿ ಚುಚ್ಚಿ ತೆಗೆಯಿರಿ. ಅಡ್ಡ ತೂತುಗಳಿದ್ದರೆ ಅವನ್ನೂ ಬಿಡಿಸಿ. ಒಂದು ಕಡೆ ಊದಿದರೆ ಇನ್ನೊಂದು ಕಡೆ ಗಾಳಿ ಬರಬೇಕು.

ಪಿನ್ ಒರೆಸಿ ಬೆಳಕಿಗೆ ಹಿಡಿಯಿರಿ. ಬುಶ್ ಕೂತಿದ್ದ ಎರಡು ಜಾಗಗಳಲ್ಲಿ ಹೊಳೆಯುವ ಪಟ್ಟಿ ಕಾಣುತ್ತದೆ. ಉಗುರು ಅಡ್ಡ ಎಳೆದು ನೋಡಿ. ಪಟ್ಟಿಯ ಅಂಚಿನಲ್ಲಿ ಉಗುರು ತಡೆದರೆ ಪಿನ್ ಸವೆದಿದೆ. ವರ್ನಿಯರ್‌ನಲ್ಲಿ ಆ ಜಾಗ, ಪಕ್ಕದ ಸವೆಯದ ಜಾಗ ಎರಡನ್ನೂ ಅಳೆಯಿರಿ, ಒಂದೇ ಜಾಗದಲ್ಲಿ ಎರಡು ದಿಕ್ಕಿನಲ್ಲಿ ಅಳೆಯಿರಿ, ಯಾಕೆಂದರೆ ಭಾರ ಬೀಳುವ ಒಂದು ಕಡೆಗೇ ಜಾಸ್ತಿ ಸವೆದಿರುತ್ತದೆ. ಬರೀ ಮೇಲ್ಮೈ ತುಕ್ಕಾದರೆ 400, ಆಮೇಲೆ 600ರ ಎಮರಿ ಸಾಕು. ಹಳ್ಳ ಬಿದ್ದಿದ್ದರೆ ಉಜ್ಜಿ ಉಜ್ಜಿ ಸಣ್ಣ ಮಾಡಬೇಡಿ, ಬದಲಿಸಿ.

ಆರ್ಮ್ ಹೇಗೂ ಕೈಯಲ್ಲಿದೆ. ಬೆಸುಗೆ ಜಾಗಗಳನ್ನು, ಶಾಕ್ ಕೂರುವ ಕಿವಿಗಳನ್ನು ತೊಳೆದು ಬಿರುಕು ಇದೆಯಾ ನೋಡಿ. ಬಣ್ಣದ ಮೇಲೆ ತುಕ್ಕಿನ ಸಣ್ಣ ಗೆರೆ ಕಂಡರೆ ಕೆಳಗೆ ಬಿರುಕು ಇರಬಹುದು.

8. ಹೊಸ ಬುಶ್

ಪಿನ್ ಹಾಕಿ ಅಲ್ಲಾಡಿಸಿದರೆ ಲಟಲಟ ಅನ್ನುತ್ತದೆಯಾ? ಬುಶ್ ಬದಲಿಸಿ. ಲೇತ್ ಅಂಗಡಿಗೆ ಕೊಡುವಾಗ ಪಿನ್ ಮತ್ತು ಆರ್ಮ್ ಎರಡನ್ನೂ ಕೊಡಿ, ಅಳತೆ ಬರೆದ ಚೀಟಿ ಮಾತ್ರ ಕೊಡಬೇಡಿ. ಹೇಳಬೇಕಾದ ಮಾತು ಮೂರು.

ಬುಶ್ಶನ್ನು ಒತ್ತಿ ಕೂರಿಸಿದ ಮೇಲೆ ಅದರ ತೂತು ಚೂರು ಕುಗ್ಗುತ್ತದೆ. ಆದ್ದರಿಂದ ಕೊನೆಯ ಅಳತೆ ತೆಗೆಯಬೇಕಾದ್ದು ಕೂರಿಸಿದ ಮೇಲೆ, ರೀಮರ್‌ನಿಂದ. ರೀಮರ್ ಅಂದರೆ ತೂತನ್ನು ಕೂದಲೆಳೆಯಷ್ಟು ಕೆರೆದು ನುಣ್ಣಗೆ ಮಾಡುವ ಉಪಕರಣ. ಎರಡೂ ಬುಶ್‌ಗಳಲ್ಲಿ ಒಂದೇ ಉದ್ದನೆಯ ರೀಮರ್ ಒಟ್ಟಿಗೆ ಹಾದುಹೋಗಬೇಕು, ಇಲ್ಲದಿದ್ದರೆ ಎರಡೂ ಒಂದೇ ನೇರಕ್ಕೆ ಬರುವುದಿಲ್ಲ, ಪಿನ್ ಕಚ್ಚುತ್ತದೆ. ಮೂರನೆಯದು, ಬುಶ್‌ನಲ್ಲಿ ಗ್ರೀಸ್ ತೂತಿದ್ದರೆ ಅದು ಆರ್ಮ್‌ನ ದಾರಿಗೆ ಸರಿಯಾಗಿ ಎದುರು ಬರಬೇಕು. ತೂತು ತಿರುಗಿ ಕೂತ ಬುಶ್‌ಗೆ ಜನ್ಮದಲ್ಲಿ ಗ್ರೀಸ್ ತಲುಪುವುದಿಲ್ಲ, ಹೊರಗಿನಿಂದ ಗೊತ್ತೂ ಆಗುವುದಿಲ್ಲ.

ಮನೆಯಲ್ಲೇ ಕೂರಿಸುವುದಾದರೆ ಬುಶ್ಶನ್ನು ರಾತ್ರಿ ಫ್ರೀಜರಿನಲ್ಲಿಡಿ. ಉದ್ದ ಥ್ರೆಡ್ ರಾಡ್, ಎರಡು ನಟ್, ದಪ್ಪ ವಾಷರ್‌ಗಳಿಂದ ನಿಧಾನಕ್ಕೆ ಎಳೆದು ಕೂರಿಸಿ. ಸುತ್ತಿಗೆಯಿಂದ ಕುಟ್ಟಿದರೆ ಬ್ರಾಂಜ್ ಒಡೆಯಬಹುದು, ಓರೆಯಂತೂ ಆಗೇ ಆಗುತ್ತದೆ. ಎಲ್ಲ ಸರಿಯಾಗಿದ್ದರೆ ಗ್ರೀಸ್ ಸವರಿದ ಪಿನ್ ಕೈಯಲ್ಲಿ ಒತ್ತಿದರೆ ಒಳಗೆ ಜಾರಬೇಕು, ಅಲ್ಲಾಡಬಾರದು.

9. ಜೋಡಣೆ

ಪಿನ್ನಿನ ಮೇಲೆ, ಬುಶ್ ಒಳಗೆ, ಪಕ್ಕದ ವಾಷರ್‌ಗಳ ಎರಡೂ ಮುಖಕ್ಕೆ ಗ್ರೀಸ್ ಹಚ್ಚಿ. ಬದಿಯ ಸೀಲ್ ಅಥವಾ ರಬ್ಬರ್ ಬಳೆ ಹಳೆಯದಾಗಿದ್ದರೆ ಹೊಸದು ಹಾಕಿ, ನೀರು ನುಗ್ಗುವುದು ಅಲ್ಲಿಂದಲೇ. ವಾಷರ್‌ಗಳು ಇದ್ದ ಜಾಗಕ್ಕೇ ಹೋಗಲಿ. ಆರ್ಮ್ ಬದಿಗೆ ಸರಿಯುತ್ತಿದ್ದರೆ ಅದನ್ನು ತುಂಬುವುದು ಈ ವಾಷರ್‌ಗಳೇ, ನಟ್ ಬಿಗಿದು ಅಲ್ಲ.

ನಟ್ ಎಷ್ಟು ಬಿಗಿಯಬೇಕು? ಇಲ್ಲಿ ಎರಡು ಮಾತು ಬೇರೆ ಬೇರೆ. ಒಳಗೊಂದು ಸ್ಟೀಲ್ ಕೊಳವೆ ಇದ್ದು ಬುಶ್ ಅದರ ಮೇಲೆ ತಿರುಗುವಂಥದ್ದಾದರೆ ನಟ್ ಪೂರ್ತಿ ಬಿಗಿಯಾಗಿರಬೇಕು, ಕೊಳವೆ ಫ್ರೇಮ್ ನಡುವೆ ಅಲುಗದೆ ನಿಲ್ಲಬೇಕು. ಅದು ಸಡಿಲ ಇದ್ದರೆ ಬೋಲ್ಟೇ ಸವೆಯುತ್ತದೆ. ಕೊಳವೆ ಇಲ್ಲದೆ ಬುಶ್ ನೇರವಾಗಿ ಪಿನ್ ಮೇಲೆ ತಿರುಗುವಂಥದ್ದಾದರೆ ಜಾಸ್ತಿ ಬಿಗಿದಷ್ಟೂ ಫ್ರೇಮ್‌ನ ಕಿವಿಗಳು ಒತ್ತಿಕೊಂಡು ಆರ್ಮ್ ಬಿಗಿಯಾಗಬಹುದು. ಬಿಗಿದ ಮೇಲೆ, ಶಾಕ್ ಹಾಕುವ ಮುಂಚೆ, ಆರ್ಮ್ ಎತ್ತಿ ಬಿಟ್ಟು ನೋಡಿ. ಆರಾಮಾಗಿ ಇಳಿಯಬೇಕು.

ರಬ್ಬರ್ ಬುಶ್ ಇದ್ದವರು ನಟ್ಟನ್ನು ಈಗ ಸುಮ್ಮನೆ ಸೇರಿಸಿಡಿ. ಚಕ್ರ, ಶಾಕ್ ಎಲ್ಲ ಹಾಕಿ, ಸ್ಟ್ಯಾಂಡ್ ಇಳಿಸಿ, ಸೀಟಿನ ಮೇಲೆ ಒಬ್ಬರನ್ನು ಕೂರಿಸಿ ಆಮೇಲೆ ಪೂರ್ತಿ ಬಿಗಿಯಿರಿ. ನೇತಾಡುವ ಆರ್ಮ್‌ನಲ್ಲಿ ಬಿಗಿದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ.

ಬ್ರೇಕ್ ಪ್ಲೇಟಿನ ಪಟ್ಟಿಯನ್ನು ಮರೆತರೆ ಜೀವಕ್ಕೇ ಅಪಾಯ. ಅದಿಲ್ಲದೆ ಬ್ರೇಕ್ ಒತ್ತಿದರೆ ಇಡೀ ಪ್ಲೇಟ್ ಚಕ್ರದ ಜೊತೆ ಸುತ್ತಿ ಚಕ್ರ ಲಾಕ್ ಆಗುತ್ತದೆ. ಬೋಲ್ಟ್, ನಟ್, ನಟ್ ಬೀಳದ ಹಾಗೆ ಹಾಕುವ ಸ್ಪ್ಲಿಟ್ ಪಿನ್, ಮೂರನ್ನೂ ಕೈಯಿಟ್ಟು ಎಣಿಸಿ.

ಚೈನ್ ಟೈಟ್ ಮಾಡುವುದಕ್ಕೂ ಒಂದು ಲೆಕ್ಕ ಇದೆ. ಆರ್ಮ್ ಮೇಲೆ ಕೆಳಗೆ ಆಡುವಾಗ ಚೈನ್ ಬಿಗಿಯೂ ಬದಲಾಗುತ್ತದೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಪಿನ್, ಹಿಂದಿನ ಅಚ್ಚು ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಇಬ್ಬರನ್ನು ಸೀಟಿನ ಮೇಲೆ ಕೂರಿಸಿ ಆ ಸ್ಥಿತಿಯಲ್ಲೂ ಚೈನ್ ಸ್ವಲ್ಪ ಆಡುವಂತಿದೆಯಾ ನೋಡಿ. ಸ್ಟ್ಯಾಂಡ್ ಮೇಲೆ ಇದ್ದಾಗಲೇ ಬಿಗಿದುಬಿಟ್ಟರೆ ಗುಂಡಿಗೆ ಬಿದ್ದಾಗಲೆಲ್ಲ ಗೇರ್‌ಬಾಕ್ಸ್ ಬೇರಿಂಗ್ ಮತ್ತು ನೀವು ಈಗ ತಾನೇ ಹಾಕಿದ ಬುಶ್ ಎರಡಕ್ಕೂ ಏಟು.

10. ಆಮೇಲಿನ ಆರೈಕೆ

ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ಎಲ್ಲ ನಟ್ ಮತ್ತೊಮ್ಮೆ ನೋಡಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ಗ್ರೀಸ್‌ಗೆ ಕಿಲೋಮೀಟರ್ ಲೆಕ್ಕ ಕೊಟ್ಟಿದ್ದರೆ ಅದೇ ಅಂತಿಮ. ಭಾನುವಾರ ಮಾತ್ರ ಹೊರಗೆ ತೆಗೆಯುವ ಗಾಡಿಗೆ ಮುಂಗಾರಿನ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಹೊಡೆದರೆ ಆದೀತು. ಎರಡು ಮೂರು ವರ್ಷಕ್ಕೊಮ್ಮೆ ಪಿನ್ ಹೊರಗೆ ತೆಗೆದು ಒರೆಸಿ ಮತ್ತೆ ಹಾಕಿ. ಒಮ್ಮೆ ಬಿಡಿಸಿದ ಪಿನ್ ಎರಡನೇ ಸಲಕ್ಕೆ ಅಷ್ಟು ಕಾಡುವುದಿಲ್ಲ.

ವಾಟರ್ ಸರ್ವಿಸ್‌ನಲ್ಲಿ ಪ್ರೆಶರ್ ನೀರನ್ನು ಪಿನ್ ಹತ್ತಿರ ಬಿಡಬೇಡಿ ಅಂತ ಮೊದಲೇ ಹೇಳಿ. ಸೀಲ್ ದಾಟಿ ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ. ಆದರೂ ಬಿಟ್ಟರು ಅಂದರೆ ಅದೇ ದಿನ ಮನೆಗೆ ಬಂದು ಗ್ರೀಸ್ ಹೊಡೆದು ನೀರನ್ನು ಹೊರಗೆ ತಳ್ಳಿ.

ಇಷ್ಟೆಲ್ಲ ಮಾಡುವ ಪುರುಸೊತ್ತಿಲ್ಲ, ಮೆಕ್ಯಾನಿಕ್‌ಗೇ ಕೊಡ್ತೀನಿ ಅನ್ನುವವರು "ಸ್ವಿಂಗ್ ಆರ್ಮ್‌ಗೆ ಗ್ರೀಸ್ ಹಾಕಿ" ಅಂತ ಹೇಳಿ ಬರಬೇಡಿ. "ಪಿನ್ ತೆಗೆದು ಇಟ್ಟಿರಿ, ನಾನು ನೋಡಿದ ಮೇಲೆ ಹಾಕಿ" ಅಂತ ಹೇಳಿ, ಮತ್ತು ಹೋಗಿ ನೋಡಿ.